ಹಾಲನ್ನ ತಿನ್ನುವ ಬೇಟೆಗಾರ

ದಾವಣಗೆರೆಯ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕನ್ನು ಬಹಳ ಪ್ರೀತಿಯಿಂದ ಸಾಕುತ್ತಾರೆ. ಅದರ ಊಟ ಮಾತ್ರ ಮನೆಯವರದ್ದೇ. ಬೆಳಿಗ್ಗೆ ಹಾಲು, ಮಧ್ಯಾಹ್ನ ಹಾಲನ್ನ, ರಾತ್ರಿ ಮೊಸರನ್ನ. ಇಷ್ಟು ಸಾಲದು ಅಂತ ನಾನು ಹೇಳಿದರೆ ನನ್ನ ಪಶುವೈದ್ಯ ಕ್ಲಿನಿಕ್‌ನಲ್ಲಿ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ನಮ್ಮಜ್ಜಿ ಕಾಲದಿಂದ ಇದನ್ನೇ ಹಾಕ್ಕೊಂಡು ಬಂದೀವಿ ಸರ್. ಆ ಬೆಕ್ಕುಗಳಿಗೆ ಏನೂ ಆಗಿರಲಿಲ್ಲ."

ಅವರು ಹೇಳುವುದು ಸುಳ್ಳಲ್ಲ. ಆದರೆ ಅಜ್ಜಿ ಮನೆಯ ಬೆಕ್ಕು ಬರೀ ಹಾಲನ್ನದ ಮೇಲೆ ಬದುಕಿರಲಿಲ್ಲ ಅಲ್ವಾ? ಅಕ್ಕಿ ಅಂಗಡಿ, ಮಂಡಕ್ಕಿ ಭಟ್ಟಿ, ಹಿತ್ತಲಿನ ಬಣವೆ, ಎಲ್ಲ ಕಡೆ ಇಲಿ ಇದ್ದವು. ಬೆಕ್ಕು ರಾತ್ರಿ ತನ್ನ ಊಟ ತಾನೇ ಮುಗಿಸಿ, ಬೆಳಿಗ್ಗೆ ಬಂದು ನಾಲ್ಕು ತುತ್ತು ಹಾಲನ್ನ ತಿನ್ನುತ್ತಿತ್ತು. ಈಗಿನ ಬೆಕ್ಕು ವಿದ್ಯಾನಗರದ ಮೂರನೇ ಮಹಡಿಯಲ್ಲಿ ಇರುತ್ತದೆ. ಕಿಟಕಿಗೆ ಮೆಶ್. ಹಾಕಿದ್ದೇ ಗತಿ.

ಬೆಕ್ಕಿನ ಮೈ ಪೂರ್ತಿ ಮಾಂಸಾಹಾರಿಯ ಮೈ. ನಾಯಿ ನಮ್ಮ ಜೊತೆ ಅನ್ನ, ರೊಟ್ಟಿಗೆ ತಕ್ಕಮಟ್ಟಿಗೆ ಹೊಂದಿಕೊಂಡಿತು. ಬೆಕ್ಕು ಹೊಂದಿಕೊಳ್ಳಲಿಲ್ಲ. ಅದಕ್ಕೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ, ಆ ಜೀನ್ ಕೆಟ್ಟುಹೋಗಿದೆ. ಬೆಣ್ಣೆ ದೋಸೆಯ ತಟ್ಟೆ ನೆಕ್ಕಿದರೂ ಅದು ಬರುವುದು ಬೆಣ್ಣೆಯ ಕೊಬ್ಬಿಗೆ. ಟಾರಿನ್ ಅನ್ನುವ ಪೋಷಕಾಂಶವನ್ನು ನಾಯಿಯ ದೇಹ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ತಯಾರಿಸಿಕೊಳ್ಳಲು ಆಗದು. ಇಲಿಯಲ್ಲಿ, ಮೀನಿನಲ್ಲಿ ಅದು ಬೇಕಾದಷ್ಟಿದೆ. ಅನ್ನದಲ್ಲಿ ಇಲ್ಲವೇ ಇಲ್ಲ, ಹಸುವಿನ ಹಾಲಿನಲ್ಲಿ ಇದ್ದೂ ಇಲ್ಲದಷ್ಟು. ಟಾರಿನ್ ಇಲ್ಲದೆ ಬೆಕ್ಕಿನ ರೆಟಿನಾ ಹಾಳಾಗುತ್ತದೆ ಅಂತ 1975ರಲ್ಲೇ ಗೊತ್ತಾಗಿತ್ತು. ಹೃದಯ ಹಿಗ್ಗಿ ಸೋಲುವ ಕಾಯಿಲೆಗೂ ಈ ಕೊರತೆ ಕಾರಣ ಅಂತ 1987ರಲ್ಲಿ ತಿಳಿಯಿತು. ಬೇಗ ಹಿಡಿದರೆ ಹೃದಯ ಸುಧಾರಿಸಬಹುದು. ಹೋದ ಕಣ್ಣು ಮಾತ್ರ ವಾಪಸ್ ಬರುವುದಿಲ್ಲ. ಇದೆಲ್ಲ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವುದರಿಂದ ಮನೆಯವರಿಗೆ ಊಟದ ಮೇಲೆ ಅನುಮಾನವೇ ಬರುವುದಿಲ್ಲ.

"ಹಂಗಾದ್ರೆ ಮೊಟ್ಟೆ ಹಾಕಲಾ ಸರ್?" ಹಾಕಿ, ಬೇಯಿಸಿದ ಮೊಟ್ಟೆ ಒಳ್ಳೆಯದೇ. ಆದರೆ ಅದರಲ್ಲೂ ಟಾರಿನ್ ಕಡಿಮೆ, ಅದೊಂದನ್ನೇ ನಂಬಬೇಡಿ. ಅಡುಗೆಮನೆಗೆ ಮಾಂಸ ತರಲು ಒಪ್ಪದ ಮನೆಯವರಿಗೆ ನಾನು ಹೇಳುವುದು ಸಿದ್ಧ ಕ್ಯಾಟ್ ಫುಡ್. ಪ್ಯಾಕೆಟ್ ಮೇಲೆ ಸಂಪೂರ್ಣ ಆಹಾರ ಅಂತ ಬರೆದಿರಬೇಕು. ಬಟ್ಟಲನ್ನು ಬಾಲ್ಕನಿಯಲ್ಲಿ ಇಟ್ಟರಾಯಿತು, ಅಜ್ಜಿಗೂ ಬೇಜಾರಿಲ್ಲ. ಅಗ್ಗ ಅಂತ ನಾಯಿಯ ಪೆಡಿಗ್ರಿ ಹಾಕಬೇಡಿ, ಅದನ್ನು ಬೆಕ್ಕಿನ ಲೆಕ್ಕದಲ್ಲಿ ಮಾಡಿರುವುದಿಲ್ಲ. ಮಾಂಸ ಬೇಯಿಸುವ ಮನೆಯವರು ಚಿಕನ್ ಬೆಂದ ನೀರನ್ನು ಚೆಲ್ಲದೆ ಅದನ್ನೂ ಕೊಡಿ, ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಸಾರಿನ ಚಿಕನ್ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಇನ್ನು ಹಾಲು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ನಿಮ್ಮ ಬೆಕ್ಕಿಗೆ ಆಗಿಬಂದರೆ ಒಂದೆರಡು ಚಮಚ ಕೊಡಿ, ನನ್ನದೇನೂ ತಕರಾರಿಲ್ಲ.

ಊಟಕ್ಕಿಂತ ನನಗೆ ಜಾಸ್ತಿ ಭಯ ಇರುವುದು ನೀರಿನ ವಿಷಯದಲ್ಲಿ. ಬೆಕ್ಕಿನ ಮೂಲ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ, ಹಾಗಾಗಿ ಅದು ಬೇರೆ ನೀರನ್ನು ಅಷ್ಟಾಗಿ ಹುಡುಕುತ್ತಿರಲಿಲ್ಲ. ನಮ್ಮ ಬೆಕ್ಕಿಗೂ ಅದೇ ಸ್ವಭಾವ ಉಳಿದಿದೆ. ಪ್ಯಾಕೆಟ್‌ನಲ್ಲಿ ಬರುವ ಒಣ ಕಾಳಿನಂಥ ಕ್ಯಾಟ್ ಫುಡ್‌ನಲ್ಲಿ ನೀರು ಶೇಕಡಾ 10ರ ಆಸುಪಾಸು. ಅದರ ಮೇಲೆ ನಮ್ಮೂರಿನ ಏಪ್ರಿಲ್ ಬಿಸಿಲು. ಮೂತ್ರ ಗಟ್ಟಿಯಾಗಿ, ಅದರಲ್ಲಿ ಹರಳು, ಲೋಳೆ ಸೇರಿಕೊಳ್ಳುತ್ತದೆ. ಹೆಣ್ಣು ಬೆಕ್ಕು ಹೇಗೋ ಪಾರಾಗುತ್ತದೆ. ಗಂಡಿನ ಮೂತ್ರನಾಳ ತೀರಾ ಸಣ್ಣದು, ಕಟ್ಟಿಕೊಂಡುಬಿಡುತ್ತದೆ.

ಇಂಥ ಬೆಕ್ಕನ್ನು ತರುವವರು ಹೇಳುವ ಕಾಯಿಲೆ ಬೇರೆಯೇ. "ಎರಡು ದಿನದಿಂದ ಮೋಷನ್ ಆಗಿಲ್ಲ ಸರ್, ಕುಂತು ಕುಂತು ತಿಣುಕ್ತೈತಿ. ಹರಳೆಣ್ಣೆ ಕುಡಿಸೀವಿ." ಉಚ್ಚೆ ಹೊಯ್ದಿದ್ದು ಯಾವಾಗ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಬೆಕ್ಕನ್ನು ಟೇಬಲ್ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಹಿಂಗಾಲಿನ ಹತ್ತಿರ ಕೈಯಿಡುತ್ತೇನೆ. ಗಟ್ಟಿ ಮೋಸಂಬಿಯ ಹಾಗೆ ಮೂತ್ರಕೋಶ ಕೈಗೆ ಸಿಗುತ್ತದೆ. ಮೆಲ್ಲಗೆ ಮುಟ್ಟಿದರೂ ಬೆಕ್ಕು ಚೀರುತ್ತದೆ. ಇನ್ನೂ ತಡವಾಗಿದ್ದರೆ ಚೀರುವ ಶಕ್ತಿಯೂ ಇರುವುದಿಲ್ಲ, ಮೈ ತಣ್ಣಗಿರುತ್ತದೆ, ಎದೆಬಡಿತ ನಿಧಾನವಾಗಿರುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯವನ್ನು ನಿಲ್ಲಿಸುವ ಹಂತ ಅದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಅರಿವಳಿಕೆ ಕೊಟ್ಟು, ಸಣ್ಣ ಕ್ಯಾಥಿಟರ್ ಹಾಕಿ ದಾರಿ ಬಿಡಿಸಿ, ಡ್ರಿಪ್ ಹಾಕಬೇಕು. ಮನೆಯಲ್ಲಿ ಹೊಟ್ಟೆ ಒತ್ತಿ ಉಚ್ಚೆ ತೆಗೆಯಲು ಹೋಗಬೇಡಿ, ಮೂತ್ರಕೋಶ ಒಡೆದೀತು.

ಹೀಗಾಗಿ ಗಂಡು ಬೆಕ್ಕು ಇರುವವರು ಮರಳಿನ ಟ್ರೇ ತೆಗೆಯುವಾಗ ಉಚ್ಚೆಯ ಒದ್ದೆ ಉಂಡೆಗಳಿವೆಯಾ ಅಂತ ದಿನಾ ನೋಡಿ. ಪದೇ ಪದೇ ಟ್ರೇಗೆ ಹೋಗಿ ಕೂತು, ಏನೂ ಬರದೆ ಆ ಜಾಗ ನೆಕ್ಕಿಕೊಳ್ಳುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಒಣ ಕಾಳಿನ ಜೊತೆ ದಿನಕ್ಕೆ ಒಮ್ಮೆಯಾದರೂ ಪೌಚ್‌ನಲ್ಲಿ ಬರುವ ಒದ್ದೆ ಕ್ಯಾಟ್ ಫುಡ್ ಕೊಡಿ. ನೀರಿನ ಬಟ್ಟಲು ಅಗಲವಾಗಿರಲಿ. ಮನೆಯಲ್ಲಿ ಎರಡು ಮೂರು ಕಡೆ ಇಡಿ, ಟ್ರೇ ಪಕ್ಕದಲ್ಲಿ ಬೇಡ.

ಔಷಧಿಯ ಡಬ್ಬಿಗೂ ಇದೇ ಲೆಕ್ಕ. ಬರೀ ಮಾಂಸ ತಿಂದು ಬದುಕಿದ ಪ್ರಾಣಿಗೆ ಗಿಡಮೂಲದ ರಾಸಾಯನಿಕಗಳನ್ನು ಅರಗಿಸುವ ಕೆಲಸ ಅಷ್ಟಾಗಿ ಬೀಳಲಿಲ್ಲ. ಪ್ಯಾರಸಿಟಮಾಲ್‌ನಂಥವನ್ನು ಕರಗಿಸಿ ಹೊರಹಾಕುವ ಲಿವರ್‌ನ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸಕ್ಕೇ ಬಾರದು. ಮೈ ಬಿಸಿ ಇದೆ ಅಂತ ಅರ್ಧ ಮಾತ್ರೆ ಕೊಡುತ್ತಾರೆ. ಕೆಲವೇ ಗಂಟೆಗಳಲ್ಲಿ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ, ಉಸಿರು ಜೋರಾಗುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗಿರುತ್ತದೆ. 650 ಮಿಲಿಗ್ರಾಂನ ಒಂದೇ ಮಾತ್ರೆ ನಾಲ್ಕು ಕೆಜಿ ಬೆಕ್ಕನ್ನು ಕೊಲ್ಲಬಲ್ಲದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿವಿಷ ಇದೆ, ಬೇಗ ತಂದಷ್ಟೂ ಬದುಕುವ ಅವಕಾಶ ಜಾಸ್ತಿ.

ನಾಯಿಯ ಮೈಮೇಲಿನ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಕೂಡ ಹಾಗೇ. ಉಳಿದಿದೆ ಅಂತ ಎರಡು ಹನಿ ಬೆಕ್ಕಿನ ಕತ್ತಿಗೆ ಹಚ್ಚಿದರೆ ಮೈಯೆಲ್ಲ ನಡುಗಿ ಫಿಟ್ಸ್ ಬರಬಹುದು. ಮನೆಯಲ್ಲಿ ಎರಡೂ ಇದ್ದರೆ, ನಾಯಿಗೆ ಹಚ್ಚಿದ್ದು ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬೇರೆ ರೂಮಿನಲ್ಲಿ ಇಡಿ. ಆಗಲೇ ಬೆಕ್ಕಿಗೆ ಹಚ್ಚಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವೆಲ್‌ನಲ್ಲಿ ಸುತ್ತಿ ಕರೆದುಕೊಂಡು ಬನ್ನಿ. ಆಗಲೇ ನಡುಗುತ್ತಿದ್ದರೆ ತೊಳೆಯುತ್ತಾ ಕೂರದೆ ನೇರ ಹೊರಡಿ. ಬರುವಾಗ ಹಚ್ಚಿದ ಔಷಧಿಯ ಖಾಲಿ ಪ್ಯಾಕೆಟ್ ಜೊತೆಗಿರಲಿ.