‘ಟಫನ್ಡ್ ಗ್ಲಾಸ್’ ಇದ್ದರೂ ಟ್ರ್ಯಾಕ್ಟರ್ ಹಿಂದಕ್ಕೆ ಜಾಲರಿ ಯಾಕೆ?

ಪ್ರಶ್ನೆ: ನಮ್ಮದು ಕ್ಯಾಬಿನ್ ಇರುವ ಟ್ರ್ಯಾಕ್ಟರ್. ಹತ್ತು ವರ್ಷದಿಂದ ಪಾಳು ಬಿದ್ದ ಗದ್ದೆಯಲ್ಲೂ ಅದರ ಮೇಲಿನ ಬಾಣೆಯಲ್ಲೂ (ಗದ್ದೆಗೆ ಸೇರಿದ ಎತ್ತರದ ಜಾಗ) ಲಂಟಾನ, ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದಿದೆ. ಸ್ಲಾಶರ್ (ಟ್ರ್ಯಾಕ್ಟರ್ ಹಿಂದೆ ಜೋಡಿಸುವ, ಅಡಿಯಲ್ಲಿ ಅಲಗು ತಿರುಗಿ ಗಿಡ ಕತ್ತರಿಸುವ ಯಂತ್ರ) ಹಾಕಿ ಹೊಡೆಸಬೇಕು. ಹಿಂದಿನ ಗಾಜಿಗೆ ಜಾಲರಿ ಕಟ್ಟಿಸಬೇಕೇ? ಟಫನ್ಡ್ ಗ್ಲಾಸ್, ಏನೂ ಆಗಲ್ಲ ಅನ್ನುತ್ತಾನೆ ಡ್ರೈವರ್. (ಪೊನ್ನಂಪೇಟೆ ಕಡೆಯ ಓದುಗರು)

ಕಟ್ಟಿಸಬೇಕು. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ತಿಂಗಳು ಇದೇ ಪ್ರಶ್ನೆ ಸೋಮವಾರಪೇಟೆಯಿಂದ ಬರುತ್ತದೆ, ಅದರ ಮುಂದಿನ ತಿಂಗಳು ನಾಪೋಕ್ಲಿನಿಂದ. ಮಳೆ ಬಿಟ್ಟು ಗದ್ದೆ ಒಣಗುತ್ತಲೇ ಎಲ್ಲರಿಗೂ ಒಟ್ಟಿಗೇ ಕಾಡು ಹೊಡೆಸುವ ನೆನಪಾಗುತ್ತದೆ, ಎಲ್ಲರ ಡ್ರೈವರೂ ಒಂದೇ ಮಾತು ಹೇಳುತ್ತಾರೆ: ‘ಟಫನ್ಡ್ ಸಾರ್, ಸುತ್ತಿಗೆಯಲ್ಲಿ ಹೊಡೆದರೂ ಒಡೆಯಲ್ಲ.’

ಸರಿ, ಸುತ್ತಿಗೆಯಿಂದಲೇ ಶುರು ಮಾಡೋಣ. ಬೆಂಗಳೂರಿಗೆ ಹೋಗುವ ಎ.ಸಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಒಂದು ಪುಟ್ಟ ಕೆಂಪು ಸುತ್ತಿಗೆ ಸಿಕ್ಕಿಸಿರುವುದನ್ನು ನೋಡಿದ್ದೀರಲ್ಲ? ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. ಅಪಘಾತವಾದಾಗ ಟಫನ್ಡ್ ಕಿಟಕಿ ಒಡೆದು ಹೊರಗೆ ಬರಲಿ ಅಂತಲೇ ಅದನ್ನು ಇಟ್ಟಿರುವುದು. ಅದರ ತುದಿ ಗಮನಿಸಿ, ಚೂಪು. ಗುಟ್ಟೆಲ್ಲ ಆ ತುದಿಯಲ್ಲಿದೆ.

ಟಫನ್ಡ್ ಗಾಜು ಮಾಡುವ ಕ್ರಮ ಹೀಗೆ. ಸಾಮಾನ್ಯ ಗಾಜನ್ನು ಸುಮಾರು 620 ಡಿಗ್ರಿ ದಾಟುವವರೆಗೆ ಕಾಯಿಸಿ, ಎರಡೂ ಮುಖಕ್ಕೆ ಜೋರಾಗಿ ತಣ್ಣನೆಯ ಗಾಳಿ ಊದುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗ ಆಮೇಲೆ ನಿಧಾನಕ್ಕೆ ತಣಿಯುತ್ತಾ ಕುಗ್ಗಲು ನೋಡುತ್ತದೆ, ಆಗಲೇ ಗಟ್ಟಿಯಾದ ಮೇಲ್ಮೈ ಅದನ್ನು ಬಿಡುವುದಿಲ್ಲ. ಹಾಗಾಗಿ ಹೊರಪದರ ಸದಾ ಅದುಮಿಕೊಂಡಿರುತ್ತದೆ, ನಡುಭಾಗ ಸದಾ ಎಳೆದುಕೊಂಡಿರುತ್ತದೆ. ಬಿಗಿದು ಕಟ್ಟಿದ ಬಿಲ್ಲಿನ ಹಾಗೆ. ಈ ಬಿಗಿತದಿಂದಲೇ ಅದಕ್ಕೆ ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಶಕ್ತಿ. ಕೈಯಿಂದ ಗುದ್ದಿ, ಮರದ ಹಲಗೆಯಿಂದ ಬಡಿಯಿರಿ, ತಡೆದುಕೊಳ್ಳುತ್ತದೆ. ಡ್ರೈವರ್ ನೋಡಿರುವುದು ಇದನ್ನೇ, ಅವನು ಸುಳ್ಳು ಹೇಳುತ್ತಿಲ್ಲ.

ಆದರೆ ಆ ಅದುಮಿದ ಹೊರಪದರ ಎಷ್ಟು ದಪ್ಪ? ಒಂದೊಂದು ಬದಿಗೆ ಗಾಜಿನ ದಪ್ಪದ ಸುಮಾರು ಐದನೇ ಒಂದು ಭಾಗ. 5 ಮಿ.ಮೀ. ಗಾಜಿನಲ್ಲಿ ಒಂದು ಮಿಲಿಮೀಟರ್. ಚೂಪು ಕಲ್ಲೊಂದು ಆ ಒಂದು ಮಿಲಿಮೀಟರ್ ದಾಟಿ ಗಾಯ ಮಾಡಿತೋ, ಒಳಗೆ ತಡೆದಿಟ್ಟ ಬಿಗಿತವೆಲ್ಲ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಇಂಥ ಗಾಜಿನಲ್ಲಿ ಬಿರುಕು ಒಂದೇ ಕಡೆ ನಿಲ್ಲುವ ಮಾತೇ ಇಲ್ಲ. ಇಡೀ ಗಾಜು ಕಲ್ಲುಸಕ್ಕರೆಯಂತೆ ಚೂರಾಗಿ ಸುರಿಯುತ್ತದೆ. ಕಾರಿನ ಮುಂದಿನ ಗಾಜು ಬಿರುಕು ಬಿಟ್ಟೂ ಉದುರದೆ ನಿಲ್ಲುವುದಕ್ಕೆ ಎರಡು ಗಾಜಿನ ನಡುವೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕಾರಣ. ಅದು ಲ್ಯಾಮಿನೇಟೆಡ್ ಗಾಜು, ಇದರ ಜಾತಿಯೇ ಬೇರೆ.

ಇನ್ನು ಕಲ್ಲಿನ ಕಡೆ ಬನ್ನಿ. ಐದಡಿ ಅಗಲದ ಸ್ಲಾಶರ್‌ನ ಅಲಗು ನಿಮಿಷಕ್ಕೆ 1000 ಸುತ್ತು ಸುತ್ತಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 280 ಕಿ.ಮೀ. ಅಲ್ಲಿಂದ 40 ಗ್ರಾಂ ತೂಕದ, ಅಂದರೆ ನೆಲ್ಲಿಕಾಯಿಗಿಂತ ಸ್ವಲ್ಪ ಚಿಕ್ಕ ಕಲ್ಲೊಂದು 240 ಕಿ.ಮೀ. ವೇಗದಲ್ಲಿ ಚಿಮ್ಮಿತು ಅನ್ನಿ. ನಮ್ಮ ಕೊಡಗಿನವರಿಗೆ ಹಾಕಿ ಆಟದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ: ಹಾಕಿ ಚೆಂಡು ಸುಮಾರು 160 ಗ್ರಾಂ, ಒಳ್ಳೆಯ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಕೋಲಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವುದು) 120 ಕಿ.ಮೀ. ವೇಗ. ತೂಕ ಕಾಲುಭಾಗ, ವೇಗ ಇಮ್ಮಡಿ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡರ ಪೆಟ್ಟೂ ಸಮ. ಪೆನಾಲ್ಟಿ ಕಾರ್ನರ್‌ಗೆ ಎದುರು ನಿಲ್ಲುವವರು ಮುಖವಾಡ ಹಾಕಿಕೊಳ್ಳುವುದು ಯಾಕೆ ಅಂತ ಗೊತ್ತಿದೆಯಲ್ಲ. ಚೆಂಡಾದರೂ ದುಂಡಗಿದೆ. ನಿಮ್ಮ ಬಾಣೆಯಲ್ಲಿರುವುದು ಒಡೆದ ಬೇಲಿಕಲ್ಲಿನ ಚೂರು, ಬಸ್ಸಿನ ಸುತ್ತಿಗೆಯ ತುದಿಯಂತೆ ಮೂಲೆ ಇರುವಂಥದ್ದು.

ಇದು ಪುಸ್ತಕದ ಮಾತು ಅನ್ನುವವರಿಗೆ ನನ್ನದೇ ಕಥೆ. ಕೆಲವು ವರ್ಷದ ಹಿಂದೆ ಗೆಳೆಯರ ಗದ್ದೆಯಲ್ಲಿ ಸ್ಲಾಶರ್ ಓಡಿಸುತ್ತಿದ್ದೆ. ಕೋವಿ ಹೊಡೆದ ಸದ್ದು. ಹಂದಿಗೆ ಯಾರೋ ಹೊಡೆದರು ಅಂದುಕೊಂಡು ಟ್ರ್ಯಾಕ್ಟರ್ ನಿಲ್ಲಿಸಿ ಸುತ್ತ ನೋಡಿದೆ. ಆಮೇಲೆ ಕುತ್ತಿಗೆ ಹಿಂದೆ ಏನೋ ತಣ್ಣಗೆ ಜಾರಿತು. ಅಂಗಿಯ ಒಳಗೆಲ್ಲ ಗಾಜಿನ ಹರಳು, ಹಿಂದೆ ಬರೀ ರಬ್ಬರ್ ಬೀಡಿಂಗ್ ನೇತಾಡುತ್ತಿತ್ತು. ಕಲ್ಲು ಸಿಕ್ಕಿದ್ದು ಕ್ಲಚ್ ಪೆಡಲ್ ಹತ್ತಿರ, ಅಡಿಕೆಯಷ್ಟು ದೊಡ್ಡದೂ ಇರಲಿಲ್ಲ.

‘ಸ್ಲಾಶರ್ ಹಿಂದೆ ಸರಪಳಿ ಪರದೆ ಇದೆಯಲ್ಲ’ ಅನ್ನುವವರೂ ಇದ್ದಾರೆ. ಇರಲಿ, ಕಳಚಬೇಡಿ. ಆದರೆ ನಾವು ಲಂಟಾನ ಪೊದೆಗೆ ನುಗ್ಗುವುದು ಹೇಗೆ? ಸ್ಲಾಶರ್ ಎತ್ತಿ, ರಿವರ್ಸ್ ಹಾಕಿ, ಪೊದೆಯ ಮೇಲೆ ಇಳಿಸುತ್ತೇವೆ. ಎತ್ತಿದ ಗಳಿಗೆಯಲ್ಲಿ ಅಲಗಿನ ಅಡಿ ಬಯಲು, ಸರಪಳಿ ಗಾಳಿಯಲ್ಲಿ. ಜೊತೆಗೆ ಪೊದೆಯೊಳಗೆ ಮೊದಲು ಹೋಗುವುದೇ ಹಿಂದಿನ ಗಾಜು, ಒಣ ಕೊಂಬೆಯೊಂದು ಈಟಿಯಂತೆ ಬಂದರೂ ಸಾಕು. ಸನ್ ಫಿಲ್ಮ್ ಅಂಟಿಸುವ ಯೋಚನೆ ಬೇಡ, ಅದು ಚೂರುಗಳನ್ನು ಒಟ್ಟಿಗೆ ಹಿಡಿದೀತು, ಕಲ್ಲನ್ನಲ್ಲ.

ಈಗ ಕಟ್ಟುವ ವಿಷಯ. 25 ಮಿ.ಮೀ. ಚೌಕ ಪೈಪಿನ ಚೌಕಟ್ಟು, 2 ಮಿ.ಮೀ. ದಪ್ಪದ್ದು. ಅದಕ್ಕೆ ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್, 8 ಗೇಜ್, ಅಂದರೆ ತಂತಿ ಸುಮಾರು 4 ಮಿ.ಮೀ. ಕೋಳಿ ಜಾಲರಿ ತರಬೇಡಿ, ಅದು ಕೋಳಿಗೆ. ಜಾಲರಿಗೂ ಗಾಜಿಗೂ ನಾಲ್ಕು ಬೆರಳು ಅಂತರ ಇರಲಿ. ಪೆಟ್ಟು ಬಿದ್ದಾಗ ಜಾಲರಿ ಒಳಕ್ಕೆ ಬಾಗುತ್ತದೆ, ಗಾಜಿಗೆ ತಾಗಿಸಿ ಕಟ್ಟಿದರೆ ಜಾಲರಿಯೇ ಗಾಜು ಒಡೆಯುತ್ತದೆ. ಹೊರಬದಿಗೆ ಮ್ಯಾಟ್ ಕಪ್ಪು ಬಣ್ಣ, ಒಳಬದಿಗೂ ಅದೇ. ಬಿಳಿ ಅಥವಾ ಬೆಳ್ಳಿ ಬಣ್ಣ ಹೊಡೆದರೆ ಬಿಸಿಲಿಗೆ ಕಣ್ಣು ಜಾಲರಿಯಲ್ಲೇ ನಿಲ್ಲುತ್ತದೆ, ಹಿಂದಿನ ಸ್ಲಾಶರ್ ಕಾಣುವುದಿಲ್ಲ.

ಇಂಚಿಗಿಂತ ಚಿಕ್ಕ ಕಲ್ಲು ಆ ಕಣ್ಣಿನಲ್ಲಿ ನುಸುಳುತ್ತದೆ, ನನ್ನ ಕ್ಲಚ್ ಪೆಡಲ್ ಕಲ್ಲಿನ ಹಾಗೆ. ಅದಕ್ಕೆ ಜಾಲರಿಯ ಒಳಬದಿಗೆ 6 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ, ಅಂದರೆ ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್. ಕಾರ್ ಶೆಡ್ ಮೇಲೆ ಹಾಕುವ, ಒಳಗೆ ಟೊಳ್ಳು ಇರುವ ಹಾಳೆ ಬೇಡ, ಗಟ್ಟಿ ಹಾಳೆ ಅಂತ ಕೇಳಿ. ಅಂಗಡಿಯವರು ಅಕ್ರಿಲಿಕ್ ಕೊಟ್ಟು ‘ಎರಡೂ ಒಂದೇ’ ಅಂದರೆ ನಂಬಬೇಡಿ, ಅಕ್ರಿಲಿಕ್ ಸೀಳುತ್ತದೆ. ಯು.ವಿ. ಲೇಪನದ (ಬಿಸಿಲಿನ ನೇರಳಾತೀತ ಕಿರಣ ತಡೆಯುವ) ಬದಿ ಹೊರಗೆ. ತೂತು ಬೋಲ್ಟಿಗಿಂತ ಎರಡು ಮೂರು ಮಿ.ಮೀ. ದೊಡ್ಡದಿರಲಿ, ರಬ್ಬರ್ ವಾಷರ್ ಹಾಕಿ, ಹದವಾಗಿ ಬಿಗಿಯಿರಿ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸವಾದರೆ ಒಂದು ಮೀಟರ್ ಹಾಳೆ ಎರಡು ಮಿ.ಮೀ. ಹಿಗ್ಗುತ್ತದೆ. ಜಾಗ ಕೊಡದಿದ್ದರೆ ತೂತಿನಿಂದಲೇ ಬಿರುಕು. ಒರೆಸುವುದಕ್ಕೆ ಸೋಪು ನೀರು ಸಾಕು, ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ.

ಕೂರಿಸುವಾಗ ಒಂದು ವಿಷಯಕ್ಕೆ ನಾನು ಜಗಳಕ್ಕೂ ತಯಾರು. ಮೇಸ್ತ್ರಿಗೆ ಕ್ಯಾಬಿನ್ ಕಂಬಕ್ಕೆ ವೆಲ್ಡಿಂಗ್ ಮಾಡಲು ಬಿಡಬೇಡಿ, ತೂತು ಕೊರೆಯಲೂ ಬಿಡಬೇಡಿ. ಟ್ರ್ಯಾಕ್ಟರ್ ಪಲ್ಟಿಯಾದರೆ ನಿಮ್ಮ ಡ್ರೈವರ್ ಅಪ್ಪಚ್ಚಿಯಾಗದಂತೆ ತಡೆಯುವುದು ಆ ಕಂಬಗಳೇ. ವೆಲ್ಡಿಂಗ್ ಶಾಖಕ್ಕೆ ಉಕ್ಕಿನ ಗುಣ ಕೆಡುತ್ತದೆ, ಹೊರಗೆ ಏನೂ ಕಾಣದು. ಯು ಬೋಲ್ಟ್ ಕ್ಲಾಂಪ್ ಹಾಕಿ, ಇಲ್ಲವೇ ಮಡ್‌ಗಾರ್ಡ್, ಹಿಂದಿನ ಲೈಟಿನ ಈಗಿರುವ ಬೋಲ್ಟುಗಳನ್ನೇ ಬಳಸಿ. ಚೌಕಟ್ಟು ಮೇಲ್ಗಡೆ ಹಿಂಜಸ್ ಮೇಲೆ ತೆರೆಯುವಂತಿರಲಿ, ಅಗುಳಿ ಒಳಗಿನಿಂದ ಬರಿಗೈಯಲ್ಲಿ ಬಿಚ್ಚುವಂತಿರಲಿ. ಟ್ರ್ಯಾಕ್ಟರ್ ಮಗ್ಗುಲಿಗೆ ಬಿದ್ದಾಗ ಒಂದು ಬಾಗಿಲು ನೆಲದ ಕಡೆ ಇರುತ್ತದೆ, ಆಗ ಹಿಂದಿನ ಕಿಟಕಿಯೇ ದಾರಿ. ಕೆಲಸ ಮುಗಿದ ಮೇಲೆ ಸ್ಲಾಶರ್ ಅನ್ನು ಪೂರ್ತಿ ಎತ್ತಿ, ಜಾಲರಿಗೆ ತಾಗುತ್ತದೆಯೋ ನೋಡಿ. ಬಹಳ ಜನ ಇದನ್ನು ನೋಡುವುದು ಗದ್ದೆಗೆ ಹೋದ ಮೇಲೆ, ಜಾಲರಿ ಸೊಟ್ಟಗಾದ ಮೇಲೆ.

ಜಾಲರಿ ಕಾಯುವುದು ಕ್ಯಾಬಿನ್ ಒಳಗಿನವರನ್ನು ಮಾತ್ರ. ಸೌದೆ ಆರಿಸಲು ಹಿಂದೆ ಬರುವವರು, ಮೊಬೈಲ್ ಹಿಡಿದು ವಿಡಿಯೊ ಮಾಡುವ ಮಕ್ಕಳು ನೂರು ಮೀಟರ್ ದೂರ ಇರಲಿ. ಹೊಡೆಸುವ ಮುಂಚೆ ಹಳೇ ಮುಳ್ಳುತಂತಿ, ಕಳಚಿ ಬಿಸಾಡಿದ ಸೋಲಾರ್ ಬೇಲಿ ತಂತಿ ಹುಡುಕಿ ತೆಗೆಸಿ.

ನೀವು ಕೇಳದ್ದನ್ನೂ ಒಂದು ಹೇಳುತ್ತೇನೆ. ಸ್ಲಾಶರ್‌ನಲ್ಲಿ ಹೊಡೆದರೆ ಲಂಟಾನ ಸಾಯುತ್ತದೆ ಅಂದುಕೊಂಡಿದ್ದೀರಾ? 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡ ಅಂತ ತಂದಿದ್ದು ಇಷ್ಟು ವರ್ಷದ ಕತ್ತಿಗೂ ಬೆಂಕಿಗೂ ಬಗ್ಗಿಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ, ಒಂದು ಕಡ್ಡಿ ಇದ್ದಲ್ಲಿ ನಾಲ್ಕು ಬರುತ್ತದೆ. ಸ್ಲಾಶರ್ ನಿಮಗೆ ಬುಡ ಕಾಣುವ ಹಾಗೆ ಮಾಡಿಕೊಡುತ್ತದೆ, ಅಷ್ಟೇ. ಆಮೇಲೆ ಗುದ್ದಲಿ ಹಿಡಿದು, ತಾಯಿಬೇರನ್ನು ಮಣ್ಣಿನ ಮಟ್ಟದಿಂದ ಎರಡು ಬೆರಳು ಕೆಳಗೆ ಕಡಿದು, ಬುಡವನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಆಕಾಶ ನೋಡುವ ಹಾಗೆ. ಮಣ್ಣು ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಇದನ್ನು ಹಣ್ಣಾಗುವ ಮುಂಚೆ ಮಾಡಿಸಿ. ಹಣ್ಣಾದ ಮೇಲೆ ಪಿಕಳಾರ ಹಕ್ಕಿಗಳು ತಿಂದು, ನೀವು ಹೊಡೆಸಿದ ಗದ್ದೆಗೇ ಬೀಜ ಹಾಕಿ ಹೋಗುತ್ತವೆ.