ಕತ್ತಿಮೀನಿನ ಹುರುಪೆ: ಮುನ್ನೂರು ವರ್ಷದ ತಕರಾರು

ಯಹೂದಿಗಳು ಕತ್ತಿಮೀನು ತಿನ್ನಬಹುದೇ ಎಂಬುದು ಹಳೆಯ ತಕರಾರು. 17ನೇ ಶತಮಾನದಲ್ಲಿ ಈಗಿನ ಟರ್ಕಿಯ ಇಜ್ಮಿರ್ ನಗರದ ರಬ್ಬಿ (ಯಹೂದಿ ಧರ್ಮಗುರು) ಹಯೀಮ್ ಬೆನ್ವೆನಿಸ್ತೆ ತಮ್ಮ ಗ್ರಂಥದಲ್ಲಿ ಒಂದು ಮಾತು ಬರೆದಿಟ್ಟರು. ಕತ್ತಿಮೀನನ್ನು ತಿನ್ನುವ ರೂಢಿ ಯಹೂದಿಗಳಲ್ಲಿ ಎಲ್ಲೆಡೆ ಇದೆ. ಮೈಮೇಲೆ ಹುರುಪೆ ಕಾಣುವುದಿಲ್ಲ ನಿಜ, ಆದರೆ ನೀರಿನಿಂದ ಎಳೆದಾಗ ಮೀನು ಸಿಟ್ಟಿನಿಂದ ಒದ್ದಾಡಿ ಅದನ್ನು ಉದುರಿಸಿಬಿಡುತ್ತದಂತೆ. ಮುಂದೆ ಈ ಮೀನಿನ ಪರವಾಗಿ ವಾದಿಸಿದವರಿಗೆ ಇದೇ ದೊಡ್ಡ ಆಧಾರ.

ಮೂಲ ನಿಯಮ ಚಿಕ್ಕದು. ನೀರಿನ ಜೀವಿಗೆ ಈಜುರೆಕ್ಕೆ, ಹುರುಪೆ ಎರಡೂ ಇದ್ದರೆ ಮಾತ್ರ ಕೋಷರ್, ಅಂದರೆ ತಿನ್ನಲು ಧರ್ಮಸಮ್ಮತ, ಎಂದು ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಯಾಜಕಕಾಂಡದ 11ನೇ ಅಧ್ಯಾಯ ಹೇಳುತ್ತದೆ. ಹಾಗಾಗಿ ಸಿಗಡಿ, ಏಡಿ ನಿಷಿದ್ಧ. ಹುರುಪೆ ತಡವಾಗಿ ಮೂಡುವ ಮೀನಿಗೂ, ಸಮುದ್ರದಿಂದ ಮೇಲೆ ಬರುವಾಗ ಅದನ್ನು ಕಳೆದುಕೊಳ್ಳುವ ಮೀನಿಗೂ, ಈ ನಿಯಮಗಳನ್ನು ಚರ್ಚಿಸುವ ಪ್ರಾಚೀನ ಗ್ರಂಥ ತಾಲ್ಮುದ್ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಬರುವ ಮೀನಿನ ಹೆಸರುಗಳಲ್ಲೊಂದು ಕತ್ತಿಮೀನಿನ ಗ್ರೀಕ್ ಹೆಸರು 'ಕ್ಸಿಫಿಯಾಸ್' ಅನ್ನೇ ಹೋಲುತ್ತದೆ. ಆದರೆ 13ನೇ ಶತಮಾನದ ಯಹೂದಿ ವಿದ್ವಾಂಸ ನಹ್ಮನಿದೆಸ್ ಇನ್ನೊಂದು ಷರತ್ತು ಸ್ಪಷ್ಟಪಡಿಸಿದರು: ಚರ್ಮ ಹರಿಯದಂತೆ ಕೈಯಿಂದಲೋ ಚಾಕುವಿನಿಂದಲೋ ಕಿತ್ತುಬರುವುದಷ್ಟೇ ಹುರುಪೆ.

ಈ ಷರತ್ತನ್ನೇ ಹಿಡಿದು 1951ರಲ್ಲಿ ಅಮೆರಿಕದ ರಬ್ಬಿ ಮೋಶೆ ಟೆಂಡ್ಲರ್ ಕತ್ತಿಮೀನು ಕೋಷರ್ ಅಲ್ಲ ಎಂದರು. ಅವರು ಜೀವಶಾಸ್ತ್ರಜ್ಞರೂ ಹೌದು. ಮರಿಯ ಮೈಮೇಲೆ ಮುಳ್ಳಿನಂಥ ಹುರುಪೆಗಳಿರುತ್ತವೆ. ಬೆಳೆದಂತೆ ಅವು ಚರ್ಮದೊಳಗೆ ಹುದುಗುತ್ತವೆ. ದೊಡ್ಡ ಮೀನನ್ನು ಎಷ್ಟು ತಡವಿದರೂ ಕೈಗೆ ಸಿಗುವುದು ಬರಿ ಚರ್ಮ. ಇಸ್ರೇಲಿನ ಮುಖ್ಯ ರಬ್ಬಿಯಾಗಿದ್ದ ಇಸ್ಸರ್ ಯೆಹೂದಾ ಉಂಟರ್ಮನ್ ಮಾತ್ರ ಈ ಮೀನು ತಿನ್ನಬಹುದೆಂದೇ ತೀರ್ಪಿತ್ತರು. ಆಚರಣೆಯಲ್ಲಿ ತುಸು ಸಡಿಲವಾದ ಕನ್ಸರ್ವೇಟಿವ್ ಪಂಥದ ರಬ್ಬಿ ಐಸಾಕ್ ಕ್ಲೈನ್ ಅವರ ನಿಲುವೂ ಅದೇ.

ಮೀನಿನ ಮೈ ಬಗ್ಗೆ ಟೆಂಡ್ಲರ್ ಹೇಳಿದ್ದು ಸರಿ ಎಂದೇ ನನಗನ್ನಿಸುತ್ತದೆ. ಸಿಟ್ಟಿಗೆ ಹುರುಪೆ ಉದುರುವ ಕಥೆ ಜೀವಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಆದರೂ ಇಜ್ಮಿರ್‌ನ ಜನ ಧರ್ಮಕ್ಕೆ ಹೆದರದವರೇನಲ್ಲ. ತಲೆಮಾರುಗಳಿಂದ ಅವರು ಒಪ್ಪಿ ಉಂಡದ್ದನ್ನು ಒಂದೇ ಏಟಿಗೆ ತಪ್ಪೆಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಸಂಪ್ರದಾಯಕ್ಕೆ ಸಾಕ್ಷಿಯ ಬಲವಿದೆ ಎಂದು ಯಹೂದಿ ನ್ಯಾಯವೇ ಬೇರೆ ಕಡೆ ಒಪ್ಪಿದೆ. ಹಕ್ಕಿಗಳ ವಿಷಯದಲ್ಲಂತೂ ತಲೆಮಾರಿನಿಂದ ಬಂದ ರೂಢಿಯೇ ಪ್ರಮಾಣ. ಮೀನಿಗೆ ಮಾತ್ರ ಕಣ್ಣಿಗೆ ಕಾಣುವ ಗುರುತೇ ಬೇಕು.

ಇಂದು ಅಮೆರಿಕದ ಆರ್ಥೊಡಾಕ್ಸ್ (ಕಟ್ಟುನಿಟ್ಟಿನ ಸಂಪ್ರದಾಯಸ್ಥ) ಕೋಷರ್ ಸಂಸ್ಥೆಗಳು ಕತ್ತಿಮೀನನ್ನು ಒಪ್ಪುವುದಿಲ್ಲ. ಕನ್ಸರ್ವೇಟಿವ್ ಮನೆಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ.