ಗ್ರೇಡರ್‌ನ ಮುಂದಿನ ಬ್ಲೇಡ್: ಗುಡ್ಡೆ ಒಡೆಯೋಕೆ ಸರಿ, ರಸ್ತೆ ಮಟ್ಟ ಮಾಡೋಕಲ್ಲ

ರಸ್ತೆ ಮಟ್ಟ ಮಾಡುವ ಮಷಿನ್ ಮೋಟಾರ್ ಗ್ರೇಡರ್ ಅಂದರೆ ನಮಗೆ ಮೊದಲು ಕಾಣುವುದು ಅದರ ನಡುವೆ ಇರುವ ಉದ್ದದ ಬ್ಲೇಡ್. ಮಧ್ಯಮ ಗಾತ್ರದ ಮಷಿನ್‌ಗಳಲ್ಲಿ ಅದು ಸಾಮಾನ್ಯವಾಗಿ 12 ಅಡಿ ಇಲ್ಲವೇ 14 ಅಡಿ ಇರುತ್ತದೆ. ಅದು ತಿರುಗುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಒಂದು ತುದಿ ಮೇಲೆ ಒಂದು ತುದಿ ಕೆಳಗೆ ಮಾಡಬಹುದು. ಕೆಲವು ಮಷಿನ್‌ಗಳಲ್ಲಿ ಮುಂದಿನ ಚಕ್ರಗಳಿಗಿಂತಲೂ ಮುಂದೆ, ಡೋಜರ್‌ಗೆ ಇರುವ ಹಾಗೆ, ಇನ್ನೊಂದು ಬ್ಲೇಡ್ ಕೂರಿಸಿರುತ್ತಾರೆ. ಅದು ಚಿಕ್ಕದು. ಮುಖ್ಯವಾಗಿ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಕೆಲವದರಲ್ಲಿ ಸ್ವಲ್ಪ ಓರೆ ಮಾಡುವ ಅನುಕೂಲವೂ ಇರುತ್ತದೆ.

ಕಲಿಯುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಮುಂದೆಯೇ ಬ್ಲೇಡ್ ಇದೆಯಲ್ಲ, ಅದರಲ್ಲೇ ರಸ್ತೆ ಮಟ್ಟ ಮಾಡಿಬಿಡಬಹುದಲ್ವಾ? ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದು ಗೊತ್ತಾದರೆ, ಈ ಬ್ಲೇಡ್ ಯಾವ ಕೆಲಸಕ್ಕೆ ಇದೆ ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ.

ಒಂದು ಚಿಕ್ಕ ಲೆಕ್ಕ

ಒಂದು ಗ್ರೇಡರ್ ಇದೆ ಅಂದುಕೊಳ್ಳಿ. ಮುಂದಿನ ಆಕ್ಸಲ್‌ನಿಂದ ಹಿಂದಿನ ಎರಡು ಜೋಡಿ ಚಕ್ರಗಳ ನಡುಬಿಂದುವಿನವರೆಗೆ 6 ಮೀಟರ್. ನಡುವಿನ ಬ್ಲೇಡ್ ಮುಂದಿನ ಆಕ್ಸಲ್‌ಗಿಂತ 2.4 ಮೀಟರ್ ಹಿಂದೆ. ಮುಂದಿನ ಬ್ಲೇಡ್ ಅದೇ ಆಕ್ಸಲ್‌ಗಿಂತ 1 ಮೀಟರ್ ಮುಂದೆ. ಲೆಕ್ಕ ಸುಲಭವಾಗಲಿ ಅಂತ ಹಿಡಿದ ಅಳತೆಗಳು ಇವು. ಆದರೆ ನಿಜವಾದ ಮಷಿನ್‌ಗಳಿಗೆ ಹತ್ತಿರವೇ ಇವೆ.

ಈಗ ಮುಂದಿನ ಚಕ್ರಗಳು 10 ಸೆಂಟಿಮೀಟರ್ ಎತ್ತರದ ಉಬ್ಬು ಹತ್ತಿದವು. ಹಿಂದಿನ ಚಕ್ರಗಳು ಇನ್ನೂ ಸಮ ನೆಲದಲ್ಲೇ ಇವೆ. ನಡುವಿನ ಬ್ಲೇಡ್ ಹಿಂದಿನ ನಡುಬಿಂದುವಿನಿಂದ 3.6 ಮೀಟರ್ ದೂರ. ಹಾಗಾಗಿ ಅದು ಏರುವುದು 10ನ್ನು 3.6ರಿಂದ ಗುಣಿಸಿ 6ರಿಂದ ಭಾಗಿಸಿದಷ್ಟು, ಅಂದರೆ 6 ಸೆಂಟಿಮೀಟರ್. ಮುಂದಿನ ಬ್ಲೇಡ್ 7 ಮೀಟರ್ ದೂರದಲ್ಲಿದೆ. ಅದು ಏರುವುದು ಸುಮಾರು 11.7 ಸೆಂಟಿಮೀಟರ್.

ನೋಡಿದಿರಾ? ನೆಲದ ಉಬ್ಬನ್ನು ನಡುವಿನ ಬ್ಲೇಡ್ ಕಮ್ಮಿ ಮಾಡುತ್ತದೆ, ಮುಂದಿನ ಬ್ಲೇಡ್ ಜಾಸ್ತಿ ಮಾಡುತ್ತದೆ. ಗ್ರೇಡರ್ ಇಷ್ಟು ಉದ್ದ ಇರುವುದು ಸುಮ್ನೆ ಅಲ್ಲ. ಆ ಉದ್ದ, ಬ್ಲೇಡ್ ನಡುವೆ ಇರುವುದು, ಎರಡೂ ಸೇರಿಯೇ ರಸ್ತೆ ನಯವಾಗುವುದು.

ಹಿಂದಿನ ಚಕ್ರಗಳದೂ ಒಂದು ಉಪಕಾರ ಇದೆ. ಪ್ರತಿ ಬದಿಯ ಎರಡು ಚಕ್ರಗಳೂ ಒಂದೇ ತೊಲೆಯ ಎರಡು ತುದಿಯಲ್ಲಿರುತ್ತವೆ. ಒಂದು ಚಕ್ರ 10 ಸೆಂಟಿಮೀಟರ್ ಏರಿದರೆ ತೊಲೆಯ ನಡುಬಿಂದು 5 ಮಾತ್ರ ಏರುತ್ತದೆ. ಅದರಲ್ಲಿ ನಡುವಿನ ಬ್ಲೇಡ್‌ಗೆ ತಲುಪುವುದು ಬರೀ 2 ಸೆಂಟಿಮೀಟರ್.

ಅಗೆಯಲು ಹೋದರೆ ಏನಾಗುತ್ತದೆ

ಮುಂದಿನ ಬ್ಲೇಡ್ ಏನು ಕತ್ತರಿಸುತ್ತದೋ, ಮರುಕ್ಷಣ ಅದರ ಮೇಲೆಯೇ ಮುಂದಿನ ಚಕ್ರಗಳು ಬರುತ್ತವೆ. ಬ್ಲೇಡ್ ಸ್ವಲ್ಪ ಆಳಕ್ಕೆ ಇಳಿಯಿತು ಅನ್ನಿ. ಚಕ್ರ ಆ ತಗ್ಗಿಗೆ ಇಳಿಯಿತು. ಮೂತಿ ಬಾಗಿತು. ಬ್ಲೇಡ್ ಇನ್ನೂ ಆಳಕ್ಕೆ ಹೋಯಿತು. ಆಪರೇಟರ್ ಗಾಬರಿಯಿಂದ ಲೀವರ್ ಎಳೆಯುತ್ತಾನೆ, ಬ್ಲೇಡ್ ಮೇಲೆ ಬರುತ್ತದೆ, ಅಲ್ಲಿ ಮಣ್ಣು ಉಳಿಯುತ್ತದೆ, ಚಕ್ರ ಅದನ್ನು ಹತ್ತುತ್ತದೆ. ಹೀಗೆ ತಗ್ಗು, ಉಬ್ಬು, ತಗ್ಗು, ಉಬ್ಬು ಅಂತ ಅಲೆ ಅಲೆಯಾಗಿ ನೆಲ ತಯಾರಾಗುತ್ತದೆ. ಕೈ ಎಷ್ಟೇ ಚುರುಕಾಗಿದ್ದರೂ ಇದನ್ನು ಪೂರ್ತಿ ತಪ್ಪಿಸುವುದು ಕಷ್ಟ, ಯಾಕೆಂದರೆ ತಪ್ಪು ಮಷಿನ್‌ನ ಆಕಾರದಲ್ಲೇ ಇದೆ.

ಅದಕ್ಕೇ ಮುಂದಿನ ಬ್ಲೇಡನ್ನು ಗಟ್ಟಿ ನೆಲ ಅಗೆಯಲು ಬಳಸಬೇಡಿ. ಸಡಿಲ ಮಣ್ಣು, ಜಲ್ಲಿ, ಗ್ರಾವೆಲ್ ತಳ್ಳಲು ಮಾತ್ರ. ಗಟ್ಟಿ ನೆಲ ಸಡಿಲ ಮಾಡಬೇಕಾದರೆ ಹಿಂದಿನ ರಿಪ್ಪರ್, ಅಂದರೆ ನೆಲ ಸೀಳುವ ಹಲ್ಲುಗಳು, ಇದೆ, ಅಚ್ಚುಕಟ್ಟಾಗಿ ಕೆತ್ತಬೇಕಾದರೆ ನಡುವಿನ ಬ್ಲೇಡ್ ಇದೆ. ಮರದ ಬುಡ ಕೀಳುವುದು, ಹೂತ ಬಂಡೆ ಎಬ್ಬಿಸುವುದು ಡೋಜರ್ ಕೆಲಸ. ಗ್ರೇಡರ್‌ನ ಮುಂದಿನ ಚೌಕಟ್ಟು ಉದ್ದವಾಗಿ, ತೆಳುವಾಗಿ ಇರುತ್ತದೆ. ಅಂಥ ಹೊಡೆತ ತಿನ್ನಲು ಅದನ್ನು ಮಾಡಿದ್ದಲ್ಲ.

ಹಾಗಾದರೆ ಇದರ ನಿಜವಾದ ಕೆಲಸ

ಟಿಪ್ಪರ್‌ಗಳು ರಸ್ತೆಯುದ್ದಕ್ಕೂ ಗ್ರಾವೆಲ್ ಸುರಿದು ಹೋಗಿವೆ. ಸಾಲಾಗಿ ಗುಡ್ಡೆಗಳು. ಮುಂದಿನ ಬ್ಲೇಡ್ ಇಲ್ಲದ ಗ್ರೇಡರ್ ಗುಡ್ಡೆಯ ಎದುರು ಪೇಚಿಗೆ ಸಿಕ್ಕುತ್ತದೆ. ನಡುವಿನ ಬ್ಲೇಡ್ ಗುಡ್ಡೆಗೆ ತಲುಪಬೇಕಾದರೆ ಮೊದಲು ಮುಂದಿನ ಚಕ್ರಗಳು ಅದನ್ನು ಹತ್ತಬೇಕು. ಹತ್ತಿದರೆ ಮಷಿನ್ ಓಲಾಡುತ್ತದೆ, ಬ್ಲೇಡ್ ಎಲ್ಲೋ ಮೇಲೆ ಹೋಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಇಲ್ಲವೇ ಬ್ಲೇಡನ್ನು ಪಕ್ಕಕ್ಕೆ ಚಾಚಿ ಗುಡ್ಡೆಯ ಅಂಚನ್ನು ಸ್ವಲ್ಪ ಸ್ವಲ್ಪವೇ ಕೆರೆಯುತ್ತಾ ಬರಬೇಕು. ಅದು ಆಗುತ್ತದೆ, ಆದರೆ ನಿಧಾನ.

ಮುಂದಿನ ಬ್ಲೇಡ್ ಇದ್ದರೆ ಅದೇ ಚಕ್ರಗಳಿಗೆ ದಾರಿ ಮಾಡಿಕೊಡುತ್ತದೆ. ನನ್ನ ಮಟ್ಟಿಗೆ ಇದೇ ಅದರ ಮುಖ್ಯ ಕೆಲಸ, ಉಳಿದದ್ದೆಲ್ಲ ಆಮೇಲೆ.

ಮಾಡುವ ಕ್ರಮ ಹೀಗೆ. ನಡುವಿನ ಬ್ಲೇಡನ್ನು ಪೂರ್ತಿ ಎತ್ತಿಡಿ. ಮೊದಲ ಗೇರ್, ನಡಿಗೆಯ ವೇಗ. ಮುಂದಿನ ಬ್ಲೇಡನ್ನು ನೆಲಕ್ಕೆ ತಾಗಿಸಬೇಡಿ, ಗುಡ್ಡೆಯ ಅರ್ಧ ಎತ್ತರದಲ್ಲಿ ಹಿಡಿದು ತಲೆಯನ್ನು ಮಾತ್ರ ಮುಂದಕ್ಕೆ ತಳ್ಳಿ. ಹಿಂದಕ್ಕೆ ಬನ್ನಿ. ಇನ್ನಷ್ಟು ಇಳಿಸಿ, ಮತ್ತೆ ತಳ್ಳಿ. ಬುಡದಿಂದಲೇ ತಳ್ಳಲು ಹೋದರೆ ಇಡೀ ಗುಡ್ಡೆಯ ಭಾರ ಒಮ್ಮೆಗೇ ಎದುರಾಗುತ್ತದೆ, ಹಿಂದಿನ ಚಕ್ರ ಸುಮ್ನೆ ತಿರುಗಿ ನೆಲ ಕೆಡಿಸುತ್ತದೆ. ಕೊನೆಯಲ್ಲಿ ತಳದಲ್ಲಿ ಒಂದು ತೆಳು ಪದರ ಉಳಿಯಲಿ. ಅದರ ಮೇಲೆ ಚಕ್ರಗಳು ಆರಾಮಾಗಿ ಹೋಗುತ್ತವೆ, ನಡುವಿನ ಬ್ಲೇಡ್ ಹಿಂದಿನಿಂದ ಹದಕ್ಕೆ ತರುತ್ತದೆ.

ಗುಡ್ಡೆಗಳ ಅಂತರ ಮೊದಲೇ ಲೆಕ್ಕ ಹಾಕಿ ಸುರಿಸಿದರೆ ಈ ಕೆಲಸ ಅರ್ಧ ಕಮ್ಮಿ. ಒಂದು ಲೋಡ್ 10 ಘನ ಮೀಟರ್, ರಸ್ತೆ ಅಗಲ 4 ಮೀಟರ್, ಸಡಿಲ ಪದರ 15 ಸೆಂಟಿಮೀಟರ್ ಅಂದರೆ, ಒಂದು ಲೋಡ್ ಸುಮಾರು 16.7 ಮೀಟರ್ ಉದ್ದಕ್ಕೆ ಸಾಕು. ಅಷ್ಟಷ್ಟು ದೂರಕ್ಕೆ ಒಂದೊಂದು ಸುರಿಸಿ. ಹತ್ತಿರ ಹತ್ತಿರ ಸುರಿಸಿದರೆ ಮಣ್ಣನ್ನು ದೂರ ಹೊರುವ ಕೆಲಸ ಗ್ರೇಡರ್ ತಲೆಗೆ ಬರುತ್ತದೆ, ಅದಕ್ಕೆ ಅದು ಮಷಿನ್ನೇ ಅಲ್ಲ.

ಇಳಿಜಾರು ಕೊಡುವ ಕೆಲಸ ಪೂರ್ತಿ ನಡುವಿನ ಬ್ಲೇಡ್‌ನದು. ಗ್ರಾವೆಲ್ ರಸ್ತೆಗೆ ನಡುವಿನಿಂದ ಅಂಚಿಗೆ ಸುಮಾರು 4 ಶೇಕಡಾ ಇಳುಕಲು ಬೇಕು, ಅಂದರೆ ಮೀಟರ್‌ಗೆ 4 ಸೆಂಟಿಮೀಟರ್. ಬ್ಲೇಡನ್ನು 30ರಿಂದ 45 ಡಿಗ್ರಿ ಓರೆ ಮಾಡಿ ಹಿಡಿದರೆ ಮಣ್ಣು ಉರುಳಿ ಉರುಳಿ ಪಕ್ಕಕ್ಕೆ ಹರಿಯುತ್ತದೆ.

ಭಾರದ ಲೆಕ್ಕ

ಮೇಲಿನದೇ ಮಷಿನ್‌ಗೆ 1000 ಕಿಲೋ ತೂಕದ ಬ್ಲೇಡನ್ನು ಆಕ್ಸಲ್‌ಗಿಂತ 1 ಮೀಟರ್ ಮುಂದೆ ಕೂರಿಸಿದರೆ, ಮುಂದಿನ ಆಕ್ಸಲ್ ಮೇಲೆ 1000 ಅಲ್ಲ, ಸುಮಾರು 1167 ಕಿಲೋ ಬೀಳುತ್ತದೆ. ಆ 167 ಕಿಲೋ ಹಿಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಸಾಮಾನ್ಯ ಗ್ರೇಡರ್‌ನಲ್ಲಿ ಎಳೆಯುವ ಶಕ್ತಿ ಹಿಂದಿನ ಚಕ್ರಗಳದು, ಆದ್ದರಿಂದ ಇದು ನಷ್ಟವೇ. ಹಿಂದೆ ರಿಪ್ಪರ್ ಇದ್ದರೆ ಆ ನಷ್ಟ ಸ್ವಲ್ಪ ತುಂಬುತ್ತದೆ. ಇನ್ನೊಂದು ಕಡೆ ಲಾಭವೂ ಇದೆ. ನಡುವಿನ ಬ್ಲೇಡನ್ನು ಗಟ್ಟಿಯಾಗಿ ನೆಲಕ್ಕೆ ಒತ್ತಿದಾಗ ಮೂತಿ ಎದ್ದು ಸ್ಟೇರಿಂಗ್ ಹಗುರಾಗುತ್ತದೆ. ಮುಂದೆ ಭಾರ ಇದ್ದರೆ ಅದು ಕಮ್ಮಿಯಾಗುತ್ತದೆ.

ಆದರೆ ಮುಂದಿನ ಬ್ಲೇಡನ್ನೇ ನೆಲಕ್ಕೆ ಒತ್ತಿದರೆ? ಮುಂದಿನ ಚಕ್ರಗಳು ನೆಲ ಬಿಡುತ್ತವೆ, ಸ್ಟೇರಿಂಗ್ ಹೋಯಿತು. ಹಾಗಾಗಿ ಸಡಿಲ ಮಣ್ಣು ಹರಡುವಾಗ ಲೀವರನ್ನು ಫ್ಲೋಟ್‌ಗೆ ಹಾಕುವುದು ಒಳ್ಳೆಯದು, ಇದ್ದರೆ. ಬ್ಲೇಡ್ ತನ್ನ ತೂಕದಲ್ಲೇ ನೆಲದ ಮೇಲೆ ಜಾರುತ್ತಾ ಹೋಗುತ್ತದೆ.

ಓರೆ ಮಾಡಿದ ಬ್ಲೇಡ್ ಮಣ್ಣನ್ನು ಬಲಕ್ಕೆ ತಳ್ಳಿದರೆ, ಮಣ್ಣು ಮೂತಿಯನ್ನು ಎಡಕ್ಕೆ ತಳ್ಳುತ್ತದೆ. ಆಗ ಮುಂದಿನ ಚಕ್ರಗಳ ತಲೆಯನ್ನು ಮಣ್ಣು ಹೋಗುವ ಕಡೆಗೆ, ಅಂದರೆ ಬಲಕ್ಕೆ, ವಾಲಿಸಿ. ಮಷಿನ್ ನೇರ ನಿಲ್ಲುತ್ತದೆ. ಗ್ರೇಡರ್‌ಗೆ ವಾಲುವ ಚಕ್ರ ಕೊಟ್ಟಿರುವುದೇ ಇದಕ್ಕೆ.

ಕಾಣದ ಅಂಚು

ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಆಟೋ ಪಟ್ರೋಲ್ (Auto Patrol) ಅನ್ನುವ ಗ್ರೇಡರ್ ತಂದಾಗ ಎಂಜಿನ್ ಹಿಂದೆ ಇತ್ತು. ಆಪರೇಟರ್‌ಗೆ ನಡುವಿನ ಬ್ಲೇಡ್ ಚೆನ್ನಾಗಿ ಕಾಣುವ ಆ ವ್ಯವಸ್ಥೆ ಇವತ್ತಿಗೂ ಹಾಗೇ ಇದೆ. ಮುಂದಿನ ಬ್ಲೇಡ್‌ಗೆ ಆ ಅನುಕೂಲ ಇಲ್ಲ. ಅದರ ಕೆಳ ಅಂಚು ಸೀಟಿನಿಂದ ಕಾಣುವುದಿಲ್ಲ. ಎರಡು ಮೂಲೆಗೂ ಬಣ್ಣದ ಕಡ್ಡಿ ನಿಲ್ಲಿಸಿದರೆ ಎತ್ತರ, ಅಗಲ ಎರಡೂ ಅಂದಾಜಿಗೆ ಸಿಗುತ್ತವೆ. ಹತ್ತಿರ ಜನ ಇದ್ದರೆ ಕೆಲಸ ನಿಲ್ಲಿಸಿ. ಬ್ಲೇಡ್ ಮುಂದೆ ಬಗ್ಗಿ ನಿಂತವರು ನಿಮಗೆ ಕಾಣಲಿಕ್ಕಿಲ್ಲ.

ಕಾಲುವೆ ಅಥವಾ ಪೈಪ್ ಹಾಕಿದ ಕಂದಕ ಮುಚ್ಚುವಾಗ ಇದೇ ಮಾತು ಇನ್ನೂ ಮುಖ್ಯ. ಅಂಚಿಗೆ ನೇರವಾಗಿ ಎದುರಾಗಿ ಬನ್ನಿ, ಓರೆಯಾಗಿ ಬಂದರೆ ಒಂದು ಚಕ್ರ ಮೊದಲೇ ಅಂಚಿಗೆ ತಲುಪುತ್ತದೆ. ಬ್ಲೇಡ್ ಅಂಚಿಗೆ ಬಂದಾಗ ಚಕ್ರ ಬರೀ ಒಂದು ಮೀಟರ್ ಹಿಂದಿರುತ್ತದೆ. ಅಗೆದ ಮಣ್ಣಿನ ಅಂಚು ಕುಸಿಯಲು ಅಷ್ಟು ಸಾಕು. ಆದ್ದರಿಂದ ಬ್ಲೇಡನ್ನು ಅಂಚಿನಾಚೆ ಚಾಚಬೇಡಿ. ಹಿಂದಿನ ಮಣ್ಣು ಮುಂದಿನ ಮಣ್ಣನ್ನು ತಳ್ಳಿ ಬೀಳಿಸಲಿ. ಎಲ್ಲವನ್ನೂ ಒಮ್ಮೆಗೇ ತುಂಬಬೇಡಿ, ಒಂದೊಂದು ಪದರ ತುಂಬಿ, ದಮ್ಮಸ್ಸು ಆದ ಮೇಲೆ ಮುಂದಿನದು. ಪೈಪ್ ಮೇಲಿನ ಮೊದಲ ಪದರ ಮಾತ್ರ ಕೈಯಲ್ಲೇ ಆಗಲಿ, ಬ್ಲೇಡ್ ತಳ್ಳಿದ ಮಣ್ಣಿನಲ್ಲಿ ದೊಡ್ಡ ಕಲ್ಲು ಇದ್ದರೆ ಪೈಪ್ ಒಡೆಯುತ್ತದೆ.